ಉನ್ನತ ವ್ಯಾಸಂಗವೂ ತಾರುಣ್ಯದ ಮಿಶ್ರಫಲವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ವಿದ್ಯಾರ್ಥಿ ಸಮ್ಮೇಳನದಲ್ಲಿ ಮಾಡಿದ ಭಾಷಣ)

 

ಉನ್ನತ ವ್ಯಾಸಂಗಕ್ಕೆಂದು ಹೊರಟಿರುವ ತರುಣ ತರುಣಿಯರನ್ನುದ್ದೇಶಿಸಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಇದೇ ನಿಲಯದಲ್ಲಿ ಪ್ರಸಾದವನ್ನುಂಡು ಓದಿ, ಮುಂದೆ ಅಧ್ಯಾಪಕವೃತ್ತಿಯನ್ನು ಹಿಡಿದು, ಬಹುಕಾಲದಿಂದ ಸ್ನಾತಕೋತ್ತರ ವಿದ್ಯಾರ್ಥಿಗಳ ನಡುವೆಯೇ ಇರುವವನಾದ ಕಾರಣ ಈ ಭಾರವು ನನ್ನ ಮೇಲೆ ಬಿದ್ದಿತೆಂದು ತೋರುತ್ತದೆ. ದೂರದ ಊರಿಗೆ ಹೊರಟವನ ಕೈಗೆ ಬುತ್ತಿ ಕಟ್ಟಿಕೊಡುವುದು ನಮ್ಮ ಮನೆಗಳ ವಾಡಿಕೆ. ಈ ಮಾತುಗಳನ್ನೂ ಅಂಥದೊಂದು ಬುತ್ತಿಯೆಂದೇ ತಾವು ಸ್ವೀಕರಿಸಬೇಕು.

ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ, ಚೆನ್ನಾಗಿ ಓದಿರಿ, ಕೀರ್ತಿವಂತರಾಗಿರಿ ಎಂದು ಹರಸಿ ಕಳುಹಿಸುವುದುಂಟು. ಹರಕೆಯು ಬೇಕಾದುದೇ ಸರಿ. ಆದರೆ ಹೊರಟವನ ಎದೆಯೊಳಗೆ ಆ ಹೊತ್ತಿನಲ್ಲಿ ನಡೆಯುವುದು ಅಷ್ಟು ಸರಳವಾದುದಲ್ಲ. ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆತಿತೆಂಬ ಸುದ್ದಿ ಬಂದ ವಾರದಲ್ಲಿಯೇ ತಂದೆಯ ಕಾಯಿಲೆಯ ಸುದ್ದಿಯೂ ಬರುತ್ತದೆ. ತಂಗಿಯ ಮದುವೆಗೆ ಹಣ ಕೂಡಿಸಬೇಕಾದ ತಿಂಗಳಲ್ಲಿಯೇ ಅಣ್ಣನ ಶುಲ್ಕಕ್ಕೂ ಹಣ ಬೇಕಾಗುತ್ತದೆ. ಜೊತೆಯಲ್ಲಿ ಓದಿದ ಗೆಳೆಯನು ಸಂಬಳ ತಂದು ಮನೆಗೆ ಹೊಸ ಹಂಚು ಹೊದಿಸುವಾಗ, ಇವನು ಇಪ್ಪತ್ತೆರಡರಲ್ಲಿಯೂ ಪುಸ್ತಕದ ಚೀಲವನ್ನು ಹೊತ್ತು ಮತ್ತೊಂದು ತರಗತಿಗೆ ಹೊರಟಿರುತ್ತಾನೆ. ಸಂತೋಷವೂ ಸಂಕಟವೂ ಒಂದೇ ಬಾಗಿಲಿನಿಂದ, ಒಂದೇ ಹೊತ್ತಿಗೆ ಒಳಗೆ ಬರುತ್ತವೆ. ಇದನ್ನೇ ನಾನು ಮಿಶ್ರಫಲವೆಂದು ಕರೆದಿರುವುದು.

ಇದು ಯಾರೋ ಒಬ್ಬಿಬ್ಬರ ದುರ್ದೈವವಲ್ಲ. ವಯಸ್ಸಿನ ಲೆಕ್ಕವೇ ಹಾಗಿರುವುದು. ಇಪ್ಪತ್ತೊಂದರ ಸುಮಾರಿಗೆ ಪದವಿ, ಇಪ್ಪತ್ಮೂರಕ್ಕೆ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಯುತ್ತದೆ. ಅಲ್ಲಿಂದ ಮುಂದೆ ಸಂಶೋಧನೆಗೆ ಸೇರಿದರೆ, ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಧಾರಣವಾಗಿ ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷಗಳ ಅವಕಾಶ. ಅಂದಮೇಲೆ ಇಪ್ಪತ್ತರಿಂದ ಮೂವತ್ತರವರೆಗಿನ ಕಾಲವೆಲ್ಲವೂ ವ್ಯಾಸಂಗದಲ್ಲಿಯೇ ಕಳೆಯುವ ಸಂಭವವುಂಟು. ಮನುಷ್ಯನ ಬಾಳಿನಲ್ಲಿ ತಾಯಿತಂದೆಗಳು ಬಾಗತೊಡಗುವುದೂ, ವಿವಾಹದ ಮಾತು ಏಳುವುದೂ, ಒಡಹುಟ್ಟಿದವರು ಬೇರೆಯಾಗುವುದೂ, ಸಾಲದ ಹೊಣೆಯು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದೂ ಈ ಹತ್ತು ವರ್ಷಗಳಲ್ಲಿಯೇ. ವಿದ್ಯೆಯು ಇವೆಲ್ಲವೂ ಮುಗಿಯಲಿ ಎಂದು ಕಾಯುವುದಿಲ್ಲ. ಇವೂ ವಿದ್ಯೆಯು ಮುಗಿಯಲಿ ಎಂದು ಕಾಯುವುದಿಲ್ಲ.

ಇದರ ಮೇಲೆ ವ್ಯಾಸಂಗವು ತಾನೇ ತರುವ ಪರಿವರ್ತನೆಯೊಂದುಂಟು. ಪದವಿಯವರೆಗೆ ನಾವು ಓದುವುದು ಇತರರು ಕಂಡುಕೊಂಡ ಉತ್ತರಗಳನ್ನು. ಸಂಶೋಧನೆಗೆ ಕಾಲಿಟ್ಟ ದಿನದಿಂದ ಉತ್ತರವಿಲ್ಲದ ಪ್ರಶ್ನೆಯ ಮುಂದೆ ಕುಳಿತುಕೊಳ್ಳಬೇಕು. ತಾಲ್ಲೂಕಿಗೆ ಮೊದಲಿಗನಾಗಿ ತೇರ್ಗಡೆಯಾದವನು ಅಲ್ಲಿ ಹತ್ತಾರು ಮೊದಲಿಗರ ನಡುವೆ ಒಬ್ಬನಾಗಿ ನಿಲ್ಲುತ್ತಾನೆ. ಕನ್ನಡದಲ್ಲಿ ನಿರರ್ಗಳವಾಗಿ ಮಾತನಾಡುವವಳು ಇಂಗ್ಲಿಷಿನ ಚರ್ಚಾಸಭೆಯಲ್ಲಿ ಬಾಯಿ ಕಟ್ಟಿದವಳಂತೆ ಕೂರುತ್ತಾಳೆ. ಆರು ತಿಂಗಳು ಮಾಡಿದ ಪ್ರಯೋಗವು ಏನನ್ನೂ ಹೇಳದೆ ಮುಗಿಯಬಹುದು. ಆಗ ತಾನು ಅಯೋಗ್ಯನೆಂಬ ಭಾವನೆಯು ಮೂಡುವುದು ಸಹಜ. ನನ್ನ ಬಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅತ್ಯಂತ ಜಾಣರಾದವರೇ ಮೊದಲ ವರ್ಷದಲ್ಲಿ ಹೀಗೆ ಕುಗ್ಗುವುದನ್ನು ಕಂಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟೆ: ಅದು ಅಯೋಗ್ಯತೆಯ ಗುರುತಲ್ಲ, ಮೆಟ್ಟಿಲು ಬದಲಾದುದರ ಗುರುತು.

ಯುಗಾದಿಯ ದಿನ ಬೇವು ಬೆಲ್ಲಗಳನ್ನು ಹಂಚುವಾಗ ನಮ್ಮ ಹಿರಿಯರು ಬೇವನ್ನೊಂದು ತಟ್ಟೆಯಲ್ಲಿಯೂ ಬೆಲ್ಲವನ್ನೊಂದು ತಟ್ಟೆಯಲ್ಲಿಯೂ ಇಟ್ಟು, ಬೇಕಾದುದನ್ನು ಆರಿಸಿಕೊಳ್ಳಿರಿ ಎಂದು ಹೇಳುವುದಿಲ್ಲ. ಎರಡನ್ನೂ ಕಲಸಿಯೇ ಅಂಗೈಗೆ ಹಾಕುತ್ತಾರೆ. ಅದನ್ನು ಬಾಯಿಗೆ ಹಾಕಿಕೊಂಡ ಮೇಲೆ ಬೇರ್ಪಡಿಸಲು ಹೊರಟವನಿಗೆ ಎರಡರ ರುಚಿಯೂ ಕೆಡುತ್ತದೆ. ತಾರುಣ್ಯದಲ್ಲಿ ಜನರು ಮಾಡುವ ಸಾಹಸವು ಬಹುಮಟ್ಟಿಗೆ ಇಂಥದೇ. ಮನೆಯ ತೊಂದರೆಗಳೆಲ್ಲವೂ ತೀರಿದ ಮೇಲೆ ಓದೋಣವೆಂದು ಕೆಲವರು ಕಾಯುತ್ತಾರೆ; ಅವರಿಗೆ ಆ ದಿನವು ಬರುವುದೇ ಇಲ್ಲ. ಓದು ಮುಗಿಯುವವರೆಗೆ ಮನೆಯೇ ಇಲ್ಲವೆಂದು ಭಾವಿಸೋಣವೆಂದು ಇನ್ನು ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವರಿಗೆ ಒಳಗೊಳಗೇ ಓದು ಕಹಿಯಾಗುತ್ತದೆ. ಮೂರನೆಯ ಮಾರ್ಗವೊಂದುಂಟು. ಬಂದುದನ್ನು ಬಂದ ಹಾಗೆ ಕೈಯೊಡ್ಡಿ ತೆಗೆದುಕೊಂಡು, ನಿತ್ಯದ ಕೆಲಸವನ್ನು ಬಿಡದೆ ನಡೆಯುವುದು. ಇದು ಬರಿಯ ಉಪದೇಶವಲ್ಲವೆಂಬುದಕ್ಕೆ ನಾಲ್ವರ ಜೀವನವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯವರು ಡಾಕ್ಟರ್ ಬಿ. ಆರ್. ಅಂಬೇಡ್ಕರರು. 1913ರ ಮೊದಲಲ್ಲಿ ಅವರಿಗೆ ವಯಸ್ಸು ಇಪ್ಪತ್ತೊಂದು. ಬಿ.ಎ. ಮುಗಿಸಿ ಬರೋಡೆಯಲ್ಲಿ ಉದ್ಯೋಗಕ್ಕೆ ಸೇರಿದ್ದರು. ಮನೆಯಲ್ಲಿ ಪತ್ನಿ, ಎಳೆಯ ಮಗು. ಫೆಬ್ರವರಿಯಲ್ಲಿ ತಂದೆಯವರು ತೀರಿಕೊಂಡರು. ಅದೇ ವರ್ಷದ ಜುಲೈ ತಿಂಗಳಲ್ಲಿ, ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ತಂದೆಯನ್ನು ಕಳೆದುಕೊಂಡ ವರ್ಷವೂ ಲೋಕದ ಬಾಗಿಲು ತೆರೆದ ವರ್ಷವೂ ಒಂದೇ ಆಯಿತು. 1915ರಲ್ಲಿ ಎಂ.ಎ. ಆಯಿತು, 1916ರಲ್ಲಿ ಲಂಡನ್ನಿಗೆ ಹೋಗಿ ಮುಂದಿನ ವ್ಯಾಸಂಗಕ್ಕೆ ಸೇರಿದರು. ವೇತನದ ಅವಧಿಯು ಮುಗಿದುದರಿಂದ 1917ರಲ್ಲಿ ಅದನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಬೇಕಾಯಿತು. ಬೇರೆಯಾಗಿ ಕಳುಹಿಸಿದ್ದ ಪುಸ್ತಕಗಳು ಯುದ್ಧದಲ್ಲಿ ಮುಳುಗಿದ ಹಡಗಿನೊಡನೆ ಸಮುದ್ರದ ಪಾಲಾದುವು. ಬರೋಡೆಗೆ ಬಂದರೆ, ಅಸ್ಪೃಶ್ಯನೆಂಬ ಕಾರಣದಿಂದ ಇರಲು ಒಂದು ಕೋಣೆಯೂ ದೊರೆಯಲಿಲ್ಲ.

ಓದು ಇಲ್ಲಿಗೆ ಮುಗಿಯಿತೆಂದು ಕೈಚೆಲ್ಲಲು ಇದಕ್ಕಿಂತ ಹೆಚ್ಚಿನ ಕಾರಣವು ಯಾರಿಗೆ ಬೇಕು? ಅವರು ಹಾಗೆ ಮಾಡಲಿಲ್ಲ. ನಾಲ್ಕು ವರ್ಷಗಳೊಳಗೆ ಮರಳಿ ಬಂದು ವ್ಯಾಸಂಗವನ್ನು ಮುಂದುವರಿಸಲು ಅನುಮತಿಯನ್ನು ಪಡೆದೇ ಲಂಡನ್ನನ್ನು ಬಿಟ್ಟಿದ್ದರು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣವನ್ನು ಕೂಡಿಸಿದರು. ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಮಿತ್ರನೊಬ್ಬನ ಸಾಲವೂ ಸೇರಿ 1920ರಲ್ಲಿ ಮರಳಿ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್ಸಿ. ಪದವಿಯು ಬಂದಾಗ ಅವರಿಗೆ ಮೂವತ್ತೆರಡು ವರ್ಷ. ಮೊದಲ ಪ್ರಯಾಣದಿಂದ ಆ ದಿನದವರೆಗೆ ಹತ್ತು ವರ್ಷಗಳು. ನಡುವೆ ನಿಂತ ಓದು ಸತ್ತ ಓದಲ್ಲವೆಂಬುದಕ್ಕೆ ಬೇರೆ ದೃಷ್ಟಾಂತವೇಕೆ? ಹೊರಡುವಾಗ ಮರಳಿ ಬರುವ ಬಾಗಿಲನ್ನು ಮುಚ್ಚದೆ ಹೊರಟರೆಂಬುದನ್ನು ಮಾತ್ರ ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ಮನೆಯ ಕಾರಣದಿಂದ ನೀವು ಒಂದು ವರ್ಷ ಓದನ್ನು ನಿಲ್ಲಿಸಬೇಕಾಗಿ ಬಂದರೆ ಹೇಳದೆ ಕೇಳದೆ ಮಾಯವಾಗಬೇಡಿರಿ. ಮಾರ್ಗದರ್ಶಕರಿಗೆ ತಿಳಿಸಿ, ಬರವಣಿಗೆಯಲ್ಲಿ ಅನುಮತಿ ಪಡೆದು ಹೊರಡಿರಿ.

ಬಂದುದನ್ನು ಸ್ವೀಕರಿಸುವುದೆಂದರೆ ಅನ್ಯಾಯಕ್ಕೂ ತಲೆಬಾಗುವುದೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವು ನಮ್ಮ ಬೆಂಗಳೂರಿನಲ್ಲಿಯೇ ಇರುವುದು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ, ತನ್ನ ತಂದೆ ಮತ್ತು ಚಿಕ್ಕಪ್ಪ ಓದಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದರು, ಸರ್ ಸಿ. ವಿ. ರಾಮನ್ನರು ಅದರ ನಿರ್ದೇಶಕರು. ಹೆಣ್ಣೆಂಬ ಕಾರಣದಿಂದ ಅರ್ಜಿಯು ತಿರಸ್ಕೃತವಾಯಿತು. ಆಕೆಯು ಬೆಂಗಳೂರಿಗೇ ಬಂದು ಕಾರಣವನ್ನು ಕೇಳಿದಳು; ಪಟ್ಟು ಬಿಡಲಿಲ್ಲ. ಕೊನೆಗೆ, ಮೊದಲ ವರ್ಷವು ಪರೀಕ್ಷಾಕಾಲವೆಂಬ ಷರತ್ತಿನ ಮೇಲೆ ಪ್ರವೇಶವು ದೊರೆಯಿತು. ಆ ಷರತ್ತು ತನಗೂ ಸ್ತ್ರೀಕುಲಕ್ಕೂ ಅವಮಾನವೆಂದು ಆಕೆಯು ತಿಳಿದಿದ್ದಳು. ಆದರೂ ಪ್ರಯೋಗಾಲಯವನ್ನು ಹೊಕ್ಕು, ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ದುಡಿದಳು. ವರ್ಷ ಮುಗಿಯುವಷ್ಟರಲ್ಲಿ ಆ ಕೆಲಸವೇ ಉತ್ತರ ಹೇಳಿತು. 1936ರಲ್ಲಿ ಎಂ.ಎಸ್ಸಿ., 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಮುಂದೆ ಅವರು ಕಮಲಾ ಸೊಹೋನಿ ಎಂದು ಪ್ರಸಿದ್ಧರಾದರು. ಅವರು ತಪ್ಪನ್ನು ತಪ್ಪೆಂದೇ ಹೇಳಿದರು. ದೊರೆತ ಕಹಿಕಹಿಯಾದ ಅವಕಾಶವನ್ನೂ ಕೈಬಿಡಲಿಲ್ಲ. ಅವರ ಹಿಂದೆ ಬಂದ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು.

ಆ ಸಂಸ್ಥೆಗೆ ಹತ್ತು ವರ್ಷಗಳ ತರುವಾಯ ಬಂದವರಲ್ಲಿ ನಮ್ಮ ನಾಡಿನ ಮಗಳಾದ ರಾಜೇಶ್ವರಿಯವರೂ ಒಬ್ಬರು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಅಲ್ಲಿ ವಿದ್ಯುತ್ ಸಂಪರ್ಕದ ಸಂಶೋಧನೆಗೆ ಸೇರಿದ ಅವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು, 1947ರ ಜುಲೈ ತಿಂಗಳಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆಂದು ಹಡಗು ಹತ್ತಿದರು. ವಯಸ್ಸು ಇಪ್ಪತ್ತೈದು, ಒಂಟಿ ಪ್ರಯಾಣಕ್ಕೆ ಸುಮಾರು ಮೂವತ್ತು ದಿನ. ಮದುವೆಯ ವಯಸ್ಸು ಮೀರುತ್ತಿದೆಯೆಂದು ಲೋಕವು ಹೇಳುವ ಕಾಲದಲ್ಲಿ ಅವರು ಆರು ವರ್ಷ ಪರದೇಶದಲ್ಲಿ ಓದಿದರು. 1953ರಲ್ಲಿ ಡಾಕ್ಟರ್ ಆಗಿ ಬೆಂಗಳೂರಿಗೆ ಮರಳಿ, ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಸಹೋದ್ಯೋಗಿಯಾದ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳು ಕೂಡಿಯೇ ಸೂಕ್ಷ್ಮತರಂಗಗಳ ಸಂಶೋಧನಾಲಯವನ್ನು ಕಟ್ಟಿದರು. ಹೆಣ್ಣುಮಕ್ಕಳ ಓದು ಮದುವೆಗೆ ಅಡ್ಡಿ, ಮದುವೆ ಓದಿಗೆ ಅಡ್ಡಿ ಎಂದು ನಂಬಿರುವ ತಾಯಿತಂದೆಗಳು ಈ ಕಥೆಯನ್ನು ಮನೆಯಲ್ಲಿ ಹೇಳಬೇಕು. ಇಂದಿನ ನಿಯಮಗಳು ಆ ಕಾಲಕ್ಕಿಂತ ಉದಾರವಾಗಿವೆ: 2022ರ ನಿಯಮಗಳಲ್ಲಿ ಮಹಿಳಾ ಸಂಶೋಧಕರಿಗೆ ಹೆಚ್ಚಿಗೆ ಎರಡು ವರ್ಷಗಳ ಅವಕಾಶವೂ, ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯೂ ಉಂಟು. ಇದು ದಯೆಯಲ್ಲ, ಹಕ್ಕು. ಕೇಳಿ ಪಡೆಯತಕ್ಕದ್ದು.

ನಾಲ್ಕನೆಯ ದೃಷ್ಟಾಂತವು ಈ ಸಭೆಗೆ ಅತ್ಯಂತ ಹತ್ತಿರವಾದುದು. ಇದುವರೆಗೆ ಹೇಳಿದವರೆಲ್ಲರೂ ತಡವಾಗಿಯಾದರೂ ಪದವಿಯನ್ನು ಪಡೆದರು. ಪದವಿಯೇ ದೊರೆಯದೆ ಹೋದರೆ ಗತಿಯೇನು? 1927ರಲ್ಲಿ ವೀರಾಪುರದ ಶಿವಣ್ಣನೆಂಬ ತರುಣನು ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿ, ಭೌತಶಾಸ್ತ್ರ ಗಣಿತಗಳನ್ನು ಐಚ್ಛಿಕವಾಗಿ ತೆಗೆದುಕೊಂಡು ಓದುತ್ತಿದ್ದನು. 1930ರ ಜನವರಿಯಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಗಳಾಗಿದ್ದ, ಆತನ ಮಿತ್ರರೂ ಆಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಉದ್ದಾನ ಶಿವಯೋಗಿಗಳ ದೃಷ್ಟಿಯು ಈ ವಿದ್ಯಾರ್ಥಿಯ ಮೇಲೆ ಬಿದ್ದಿತು. ಅದೇ ಮಾರ್ಚಿ 3ರಂದು, ಇಪ್ಪತ್ತಮೂರು ತುಂಬುವ ಮೊದಲೇ, ಆತನು ಶಿವಕುಮಾರ ಸ್ವಾಮಿಗಳಾಗಿ ವಿರಕ್ತಾಶ್ರಮವನ್ನು ಸ್ವೀಕರಿಸಿದನು. ಎರಡು ತಿಂಗಳೊಳಗೆ ಮಿತ್ರವಿಯೋಗ, ಗೃಹತ್ಯಾಗ, ಹೊಸ ಹೆಸರು, ಹೊಸ ಹೊಣೆ ಎಲ್ಲವೂ ಬಂದುವು. ಬಿ.ಎ. ಪದವಿಯು ಕೈಗೆ ಬರಲಿಲ್ಲ.

ಅವರು ಕಳೆದುಕೊಂಡುದು ಒಂದು ಪದವಿಯನ್ನು, ವಿದ್ಯೆಯನ್ನಲ್ಲ. ತಾವು ಪ್ರೀತಿಸಿದ ವಿದ್ಯೆಯನ್ನೇ ಸಾವಿರಾರು ಬಡಮಕ್ಕಳ ಪಾಲಿಗೆ ಅನ್ನದೊಡನೆ ಬಡಿಸಿದರು. 1965ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನರ್ಪಿಸಿತು. 2019ರ ಜನವರಿ 21ರಂದು ಶಿವೈಕ್ಯರಾಗುವವರೆಗೆ ಆ ಕಾಯಕವು ನಡೆಯಿತು. ಎಲ್ಲರೂ ಅವರಂತಾಗಬೇಕೆಂದು ನಾನು ಹೇಳುವುದಿಲ್ಲ. ಅದು ಹೇಳಿ ಬರುವಂಥದೂ ಅಲ್ಲ. ಹಿಡಿದ ದಾರಿಯು ಮುರಿದರೆ ಕಲಿತುದೆಲ್ಲವೂ ವ್ಯರ್ಥವಾಯಿತೆಂದು ತಿಳಿಯಬಾರದೆಂಬುದಷ್ಟೇ ನನ್ನ ಮಾತು. ಸಂಶೋಧನೆಯನ್ನು ಬಿಟ್ಟು ಊರಿನ ಶಾಲೆಗೆ ಮೇಷ್ಟರಾಗಿ ಬಂದವನು ಸೋತವನಲ್ಲ. ಅಲ್ಲಿ ಅವನು ಕಲಿತ ಪ್ರಶ್ನೆ ಕೇಳುವ ಬುದ್ಧಿಯು ಇಲ್ಲಿನ ಮಕ್ಕಳಿಗೆ ಬೆಳಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಇನ್ನು ಬುತ್ತಿಯೊಳಗೆ ಕಟ್ಟತಕ್ಕ ಕೆಲವು ಸಣ್ಣ ವಸ್ತುಗಳು. ದಿನಕ್ಕೆ ಎರಡು ಗಂಟೆಯಾದರೂ ನಿಮ್ಮ ವಿಷಯಕ್ಕೇ ಮೀಸಲಾಗಿರಲಿ; ಮನೆಯಲ್ಲಿ ಮದುವೆಯಿರಲಿ, ಮನಸ್ಸಿನಲ್ಲಿ ಮೋಡವಿರಲಿ, ಆ ಎರಡು ಗಂಟೆಗಳನ್ನು ಕಾಯಕವೆಂದು ತಿಳಿದು ನಡೆಸಿರಿ. ಎಲ್ಲವೂ ಅಲುಗಾಡುವ ಕಾಲದಲ್ಲಿ ಅಲುಗದ ಒಂದು ಕಂಬವು ಬೇಕು. ಹಣದ ವಿಷಯದಲ್ಲಿ ಸಂಕೋಚಪಡಬೇಡಿರಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಗೊತ್ತಾಗಿದೆ. ಅದಕ್ಕಾಗಿ ಎಂ.ಎ. ಓದುವಾಗಲೇ ಸಿದ್ಧರಾಗಿರಿ. ಆದರೆ ವೇತನವು ತಡವಾಗಿ ಕೈಸೇರುವುದೂ ಉಂಟಾದುದರಿಂದ, ಕೆಲವು ತಿಂಗಳ ಊಟ ಬಾಡಿಗೆಗಳಿಗೆ ಆಗುವಷ್ಟನ್ನು ಮೊದಲೇ ಎತ್ತಿಡಿರಿ. ಮೊದಲ ಕಂತಿನಲ್ಲಿಯೇ ಮನೆಯ ಸಾಲವನ್ನೆಲ್ಲ ತೀರಿಸುವೆನೆಂದು ಮಾತು ಕೊಡಬೇಡಿರಿ.

ಗೆಳೆಯನ ಸಂಬಳದೊಡನೆ ನಿಮ್ಮ ಶಿಷ್ಯವೇತನವನ್ನು ಹೋಲಿಸಬೇಡಿರಿ. ಜೋಳಕ್ಕೂ ಮಾವಿಗೂ ಫಸಲಿನ ಕಾಲವೊಂದೇ ಅಲ್ಲ. ವಾರಕ್ಕೊಮ್ಮೆ ಮನೆಯವರೊಡನೆ ಮಾತನಾಡಿರಿ, ಮತ್ತು ಚೆನ್ನಾಗಿದ್ದೇನೆ ಎಂಬ ಒಂದೇ ಮಾತಿನಿಂದ ಮುಗಿಸಬೇಡಿರಿ. ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವ ದಿನಗಳು ಬಂದರೆ ಅದನ್ನು ಮುಚ್ಚಿಡತಕ್ಕದ್ದಲ್ಲ. ಜ್ವರ ಬಂದರೆ ವೈದ್ಯರ ಬಳಿಗೆ ಹೋಗುವ ನಾವು ಮನಸ್ಸಿಗೆ ಜ್ವರ ಬಂದಾಗಲೂ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಗೆ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಭಕ್ತ ಮಹಾಶಯರಲ್ಲಿಯೂ ತಾಯಿತಂದೆಗಳಲ್ಲಿಯೂ ಒಂದು ಬಿನ್ನಹ. ಮಗನು ರಜೆಗೆಂದು ಊರಿಗೆ ಬಂದಾಗ ಇನ್ನೂ ಓದು ಮುಗಿಯಲಿಲ್ಲವೇ ಎಂದು ಜಗಲಿಯ ಮೇಲೆ ಕುಳಿತವರೆಲ್ಲರೂ ಕೇಳುತ್ತಾರೆ. ಮಗಳು ಬಂದರೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟತನವೇನೂ ಇಲ್ಲ. ಆದರೆ ಆ ಪ್ರಶ್ನೆಯ ಭಾರವು ಎಷ್ಟೆಂಬುದನ್ನು ಅವರು ಬಲ್ಲವರಲ್ಲ. ಅದರ ಬದಲು, ನೀನು ಈಗ ಏನನ್ನು ಹುಡುಕುತ್ತಿರುವೆಯಪ್ಪ, ನಮಗೂ ಸ್ವಲ್ಪ ತಿಳಿಸು ಎಂದು ಕೇಳಿರಿ. ಆತನು ತನ್ನ ವಿಷಯವನ್ನು ಹೊಲದ ಬದುವಿನ ಮೇಲೆ ನಿಂತು ತಿಳಿಗನ್ನಡದಲ್ಲಿ ಹೇಳಬಲ್ಲವನಾದರೆ, ಅದೇ ಒಂದು ಪರೀಕ್ಷೆಯಲ್ಲಿ ಗೆದ್ದಂತೆ. ಓದಿದ ಮಗನು ತಮಗೆ ಪರಕೀಯನಾದನೆಂಬ ನಿಮ್ಮ ದುಃಖವೂ ಆಗ ಕಡಿಮೆಯಾಗುವುದು.

ನಮ್ಮ ಮಠಗಳು ಪ್ರಸಾದನಿಲಯಗಳನ್ನು ತೆರೆದುದರಿಂದ ಹಳ್ಳಿಯ ಮಕ್ಕಳು ಕಾಲೇಜಿನ ಮುಖವನ್ನು ಕಂಡರು. ಆ ಕಾಲಕ್ಕೆ ಬೇಕಾದುದು ಅನ್ನ ಮತ್ತು ಆಶ್ರಯ. ಈಗ ಮೊದಲ ತಲೆಮಾರಿನ ಸಂಶೋಧಕರು ಹೊರಟಿದ್ದಾರೆ. ಅವರಿಗೆ ಅನ್ನದೊಡನೆ ಇನ್ನೊಂದು ಬೇಕಾಗಿದೆ. ಅದು ವೇತನವು ತಡವಾದಾಗ ಮರ್ಯಾದೆ ಕೆಡದಂತೆ ನೆರವಾಗುವ ಒಂದು ಸಣ್ಣ ನಿಧಿ, ಮತ್ತು ಆ ದಾರಿಯಲ್ಲಿ ಮೊದಲು ನಡೆದ ಹಳೆಯ ವಿದ್ಯಾರ್ಥಿಗಳ ಒಡನಾಟ. ಈ ಮಹೋತ್ಸವದ ನೆನಪಿಗಾಗಿ ಅಂಥದೊಂದು ಏರ್ಪಾಟು ಆಗಬೇಕೆಂದು ಸನ್ನಿಧಿಯಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳಾದ ನಾವು ನಮ್ಮ ಪಾಲನ್ನು ಸಲ್ಲಿಸಲು ಸಿದ್ಧರಿದ್ದೇವೆ.

ಹೊರಟವರೇ, ನಿಮ್ಮ ಮುಂದಿನ ಹತ್ತು ವರ್ಷಗಳಲ್ಲಿ ಬರುವುದೆಲ್ಲವೂ ಸಿಹಿಯಾಗಿರಲೆಂದು ನಾನು ಹರಸಲಾರೆ. ಅಂತಹ ಹರಕೆಯು ಫಲಿಸುವುದಿಲ್ಲ. ಬಂದುದನ್ನು ಅರಗಿಸಿಕೊಳ್ಳುವ ಶಕ್ತಿಯೂ, ಅರಗಿಸಿಕೊಳ್ಳಲಾಗದಾಗ ಕೂಗಿ ಕರೆಯುವ ಧೈರ್ಯವೂ, ಕರೆದಾಗ ಓಗೊಡುವ ಬಂಧುಗಳೂ ನಿಮಗಿರಲೆಂದು ಹರಸುತ್ತೇನೆ. ಈ ಮಠದ ಬಾಗಿಲು ನಿಮಗೆ ಪದವಿ ಬಂದ ದಿನವೂ ಬಾರದ ದಿನವೂ ಒಂದೇ ಸಮನಾಗಿ ತೆರೆದಿರುವುದು.